ಈ ಚುಕ್ಕೆ ಯಾರದು? ಅಪರಾಧ ಸ್ಥಳದ ನಕ್ಷೆ ಕಂಪ್ಯೂಟರಿನಿಂದ ಕೋರ್ಟಿಗೆ ಹೋಗುವ ಬಗೆ

ಕಂಪ್ಯೂಟರಿನಲ್ಲಿ ತೆಗೆದ ನನ್ನ ಮೊದಲ ಸ್ಥಳ ನಕ್ಷೆಯನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ್ದೆ. ಗೋಡೆ ಕಪ್ಪು, ಬಾಗಿಲು ಕಂದು, ಅಂಗಳದ ಬೇವಿನ ಮರ ಹಸಿರು, ನಡುವೆ ದುಂಡನೆಯ ಕೆಂಪು ಚುಕ್ಕೆ. ಚುಕ್ಕೆಯ ಪಕ್ಕ ‘ಹಲ್ಲೆ ನಡೆದ ಸ್ಥಳ’ ಎಂದು ಬರೆದಿದ್ದೆ. ಸರ್ಕಾರಿ ಎಂಜಿನಿಯರ್ ಆಗಿ ಅದಕ್ಕೂ ಮೊದಲು ಎಷ್ಟೋ ನಕ್ಷೆಗಳನ್ನು ಕೈಯಲ್ಲೇ ತೆಗೆದವನು. ಅವತ್ತು ಮಾತ್ರ ಸ್ವಲ್ಪ ಜಂಬದಿಂದಲೇ ಸಾಕ್ಷಿ ಕಟ್ಟೆ ಹತ್ತಿದೆ. ಆರೋಪಿ ಪರ ವಕೀಲರು, ವಯಸ್ಸಾದವರು, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಪಾಟಿ ಸವಾಲಿಗೆ ಎದ್ದರು.

“ನಕಾಶಾ ಭಾಳ ಛಂದ ತೆಗ್ದೀರಿ ಸಾಹೇಬ್ರ. ಈ ಗ್ವಾಡಿ ನೀವೇ ಅಳದೀರಿ?”

“ಹೌದ್ರಿ.”

“ಈ ಬೇವಿನ ಗಿಡ?”

“ಅದೂ ಅಳದೀನ್ರಿ.”

“ಈ ಕೆಂಪು ಚುಕ್ಕಿ?”

ನಾನು ಒಂದು ಕ್ಷಣ ಸುಮ್ಮನಾದೆ. “ತನಿಖಾಧಿಕಾರಿಗಳು ಹೇಳಿದ್ರಿ.”

“ಅಂದ್ರ ನೀವು ನೋಡಿಲ್ಲ.”

“ಇಲ್ರಿ.”

ಅವರು ಕೂತುಬಿಟ್ಟರು. ಮುಂದೆ ಏನನ್ನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಇಡೀ ನಕ್ಷೆಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುತ್ತಿದ್ದದ್ದೇ ಆ ಚುಕ್ಕೆಗೆ, ನನ್ನ ಅಳತೆಯಲ್ಲದ್ದೂ ಅದೊಂದೇ.

ಈಗ ಪೊಲೀಸರು, ವಕೀಲರು, ವಿಧಿವಿಜ್ಞಾನದವರು ಎಲ್ಲರೂ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬಿಡಿಸುವ ಕಾಲ. ಎಳೆದು ತಂದು ಬಿಟ್ಟರೆ ಸಾಕು: ಬಾಗಿಲು, ಮಂಚ, ಮೋಟರ್ ಸೈಕಲ್, ಚಾಕು, ಮನುಷ್ಯಾಕೃತಿ, ಎಲ್ಲ ಸಿದ್ಧ ಚಿತ್ರಗಳು. ಹಾಗಾಗಿ ಈ ಕೆಲಸ ಒಳಗೆ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಎರಡು ನಕ್ಷೆ, ಇಬ್ಬರ ಕೈ

ಕೊಲೆ, ಹಲ್ಲೆ, ಅಪಘಾತ, ಯಾವುದೇ ಆದರೂ ತನಿಖಾಧಿಕಾರಿ ಸ್ಥಳಕ್ಕೆ ಹೋದಾಗ ಪಂಚರನ್ನು ಕರೆದು ಪಂಚನಾಮೆ ಬರೆಸುತ್ತಾರೆ. ಅದರ ಜೊತೆಗೆ ಕೈಯಲ್ಲೇ ಒಂದು ಕಚ್ಚಾ ನಕ್ಷೆ ಗೀಚಿಕೊಳ್ಳುತ್ತಾರೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ನಡುವೆ ಒಂದು ಗುಣಾಕಾರ ಚಿಹ್ನೆ. ಗಂಭೀರ ಪ್ರಕರಣಗಳಲ್ಲಿ ಇದಾದ ಮೇಲೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೆ ಪತ್ರ ಹೋಗುತ್ತದೆ, ಸ್ಥಳಕ್ಕೆ ಬಂದು ಅಳತೆ ಪ್ರಕಾರ ನಕ್ಷೆ ತಯಾರಿಸಿ ಕೊಡಿ ಎಂದು. ಆ ಪತ್ರ ಕೈಗೆ ಬರುವ ಹೊತ್ತಿಗೆ ಸ್ಥಳ ತೊಳೆದು ಸಾರಿಸಿ ಆಗಿರುತ್ತದೆ. ಶವ ಇರುವುದಿಲ್ಲ, ರಕ್ತ ಇರುವುದಿಲ್ಲ, ಕೊಡಲಿ ಜಪ್ತಿಯಾಗಿ ಮುದ್ದೆಮಾಲು ಆಗಿರುತ್ತದೆ. ಎಂಜಿನಿಯರಿಗೆ ಸಿಗುವುದು ಗೋಡೆ, ಕಂಬ, ಗಿಡ, ದಾರಿ.

ಹಾಗಾದರೆ ಚುಕ್ಕೆ ಎಲ್ಲಿಂದ ಬರುತ್ತದೆ? ಕಾನೂನಿನ ತಕರಾರು ಇರುವುದೇ ಇಲ್ಲಿ. ಪೊಲೀಸರ ಮುಂದೆ ಸಾಕ್ಷಿ ಕೊಟ್ಟ ಹೇಳಿಕೆಯನ್ನು ವಿಚಾರಣೆಯಲ್ಲಿ ನೇರ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 162ನೇ ಕಲಂ ಹೇಳುತ್ತಿದ್ದುದು ಅದನ್ನೇ; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 181ನೇ ಕಲಂ ಆಗಿದೆ. ಬಾಯಿಂದ ಹೇಳಿದ್ದನ್ನು ಬರೆದಿಟ್ಟರೆ ನಡೆಯುವುದಿಲ್ಲ ಎಂದಾದರೆ, ಅದೇ ಮಾತನ್ನು ಚುಕ್ಕೆ ಮಾಡಿ ನಕ್ಷೆಯಲ್ಲಿ ಇಟ್ಟರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ತೋರಿ ಸಿಂಗ್ ವಿರುದ್ಧ ಉತ್ತರ ಪ್ರದೇಶ ರಾಜ್ಯ ಎಂಬ ಪ್ರಕರಣದಲ್ಲಿ, ಅದು 1962ರ ಕಾನೂನು ವರದಿಗಳಲ್ಲಿದೆ, ಸುಪ್ರೀಂ ಕೋರ್ಟು ಸಬ್ ಇನ್‌ಸ್ಪೆಕ್ಟರ್ ತೆಗೆದ ಕಚ್ಚಾ ನಕ್ಷೆಯ ಒಂದು ಗುರುತನ್ನು ಹಿಡಿದು ಎರಡು ಮಾತು ಹೇಳಿತು. ಒಂದು, ಈ ನಕ್ಷೆ ಅಳತೆ ಪ್ರಮಾಣದಲ್ಲಿಲ್ಲ, ಹಾಗಾಗಿ ಆ ಗುರುತು ಕಟ್ಟೆಯಿಂದ ಇಂತಿಷ್ಟೇ ದೂರ ಎಂದು ವಾದಿಸಲು ಬರುವುದಿಲ್ಲ. ಎರಡು, ಸಬ್ ಇನ್‌ಸ್ಪೆಕ್ಟರ್ ಘಟನೆಯನ್ನು ಕಣ್ಣಾರೆ ಕಂಡವರಲ್ಲ. ಸಾಕ್ಷಿಗಳು ಹೇಳಿದ್ದನ್ನು ಕೇಳಿ ಗುರುತು ಹಾಕಿದ್ದಾರೆ, ಆದ್ದರಿಂದ ಅದಕ್ಕೆ 162ನೇ ಕಲಂ ಅಡ್ಡ ಬರುತ್ತದೆ. ಅದಕ್ಕೂ ಮುಂಚಿನ ಸಂತಾ ಸಿಂಗ್ ಪ್ರಕರಣದಲ್ಲಿ, ಅದು 1956ರದ್ದು, ನಕ್ಷೆಗಾರನ ಬಗ್ಗೆ ಒಂದು ದಾರಿ ತೋರಿಸಲಾಗಿತ್ತು: ಸಾಕ್ಷಿಗಳೇ ಬಂದು ಜಾಗ ತೋರಿಸಿದ್ದರೆ, ಮತ್ತು ಅದೇ ಸಾಕ್ಷಿಗಳು ಕೋರ್ಟಿಗೆ ಬಂದು ‘ಹೌದು, ಈ ಜಾಗವನ್ನೇ ತೋರಿಸಿದೆವು’ ಎಂದು ನುಡಿದರೆ ಆ ಗುರುತು ನಿಲ್ಲುತ್ತದೆ.

ಇನ್ನೊಂದು ವಿಷಯ ಸಾಮಾನ್ಯವಾಗಿ ಮರೆತುಹೋಗುತ್ತದೆ. ಸರ್ಕಾರ ಪ್ರಕಟಿಸಿದ ನಕಾಶೆಗಳು ಸರಿ ಇವೆ ಎಂದು ಕೋರ್ಟು ತಾನಾಗಿ ಊಹಿಸಿಕೊಳ್ಳುತ್ತದೆ. ಆದರೆ ಒಂದು ಪ್ರಕರಣಕ್ಕೆಂದೇ ತಯಾರಿಸಿದ ನಕ್ಷೆಗೆ ಆ ಸವಲತ್ತು ಇಲ್ಲ, ಅದರ ನಿಖರತೆಯನ್ನು ಸಾಬೀತು ಮಾಡಬೇಕು. 1872ರ ಸಾಕ್ಷ್ಯ ಕಾಯ್ದೆಯ 83ನೇ ಕಲಂನಲ್ಲಿ ಇದ್ದ ಮಾತಿದು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಸರ್ಕಾರಿ ಎಂಜಿನಿಯರ್ ಸಹಿ ಇದೆ, ಮೊಹರು ಇದೆ ಅಂದರೆ ಸಾಲದು. ಟೇಪು ಹಿಡಿದವನು ಬಂದು ಹೇಗೆ ಹಿಡಿದೆ ಎಂದು ಹೇಳಬೇಕು.

ಪರಸಿ ಎಣಿಸಬೇಡಿ

ಟೇಪಿನ ವಿಷಯಕ್ಕೇ ಬರೋಣ. ತಂತ್ರಾಂಶ ಎಷ್ಟೇ ದುಬಾರಿಯದಾದರೂ ಸ್ಥಳದಲ್ಲಿ ತೆಗೆದುಕೊಳ್ಳದ ಅಳತೆಯನ್ನು ಹುಟ್ಟಿಸಿಕೊಡುವುದಿಲ್ಲ. ಕೆಲಸದ ಮುಕ್ಕಾಲು ಪಾಲು ಬಿಸಿಲಲ್ಲೇ ಮುಗಿಯುತ್ತದೆ.

ಕಲಬುರಗಿ ಸುತ್ತಿನ ಮನೆಗಳಲ್ಲಿ ನಕ್ಷೆಗಾರನಿಗೆ ಒಂದು ಆಸೆ ಹುಟ್ಟಿಸುವ ವಸ್ತು ಇದೆ: ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ಪಡಸಾಲಿಯಿಂದ ಅಡಿಗೆಮನೆ ತನಕ ಚೌಕ ಚೌಕ ಹಾಸಿರುತ್ತಾರೆ, ಗ್ರಾಫ್ ಕಾಗದ ನೆಲಕ್ಕೆ ಅಂಟಿಸಿದ ಹಾಗೆ. ಎರಡಡಿ ಪರಸಿ, ಬಾಗಿಲಿಂದ ಏಳು ಪರಸಿ, ಅಂದರೆ ಹದಿನಾಲ್ಕು ಅಡಿ ಎಂದು ಬರೆದುಕೊಂಡು ಎದ್ದುಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಬಾರದು. ಹಳೆಯ ಮನೆಯ ಪರಸಿ ಕೈಯಲ್ಲಿ ಕಡಿದದ್ದು, ಒಂದರ ಅಂಚು ಇನ್ನೊಂದಕ್ಕಿಂತ ಅಂಗುಲ ಜಾಸ್ತಿ, ನಡುವಿನ ಸಂದು ಒಂದೊಂದು ಕಡೆ ಒಂದೊಂದು ಥರ, ಗೋಡೆ ಹತ್ತಿರದ ಸಾಲಂತೂ ತುಂಡು. ಆದರೆ ಪರಸಿಯಿಂದ ಬೇರೊಂದು ಉಪಯೋಗ ಇದೆ. ಅದು ಅಲುಗಾಡುವುದಿಲ್ಲ. ಮಂಚ ಸರಿಸಿರಬಹುದು, ಟ್ರಂಕು ಒಯ್ದಿರಬಹುದು, ಪರಸಿಯ ಮೂಲೆ ಅಲ್ಲೇ ಇರುತ್ತದೆ. ಮೂಲೆ ಹಾರಿದ್ದು, ನಡುವೆ ಒಡೆದದ್ದು ಕಂಡರೆ ನಾನು ಅದನ್ನೂ ಅಳೆದು ನಕ್ಷೆಗೆ ಹಾಕುತ್ತೇನೆ. ಯಾಕೆ ಎಂದು ಸಹಾಯಕ ಹುಡುಗರು ಕೇಳುತ್ತಾರೆ. ಕಂಡಿತು, ಹಾಕಿದೆ, ಅಷ್ಟೇ.

ಒಂದು ವಸ್ತುವಿನ ಜಾಗ ಹಿಡಿಯುವುದು ಹೇಗೆ? ಎಲ್ಲರೂ ಬಳಸುವುದು ಎರಡು ಸ್ಥಿರ ಬಿಂದುಗಳಿಂದ ದೂರ ಅಳೆಯುವ ಕ್ರಮ. ಮನೆಯ ಮೂಲೆ ಒಂದು, ವಿದ್ಯುತ್ ಕಂಬ ಒಂದು ಎಂದುಕೊಳ್ಳಿ, ನಡುವೆ 5 ಮೀಟರ್. ನೆಲದ ಮೇಲಿನ ಒಂದು ಗುರುತು ಮೂಲೆಯಿಂದ 3 ಮೀಟರ್, ಕಂಬದಿಂದ 4 ಮೀಟರ್. ತಂತ್ರಾಂಶದಲ್ಲಿ ಮೂಲೆಯನ್ನು ಕೇಂದ್ರ ಮಾಡಿ 3 ಮೀಟರ್ ವೃತ್ತ, ಕಂಬವನ್ನು ಕೇಂದ್ರ ಮಾಡಿ 4 ಮೀಟರ್ ವೃತ್ತ ಎಳೆದರೆ ಅವು ಕೂಡುವ ಜಾಗವೇ ಗುರುತು. ಮೂಲೆಯಿಂದ ಕಂಬದ ಕಡೆಗೆ 1.80 ಮೀಟರ್ ನಡೆದು, ಅಲ್ಲಿಂದ ಮೂಲೆಮಟ್ಟವಾಗಿ 2.40 ಮೀಟರ್ ಒಳಗೆ ಹೋದರೆ ಸರಿಯಾಗಿ ಅಲ್ಲಿಗೇ ಬರುತ್ತೀರಿ. ಶಾಲೆಯಲ್ಲಿ ಕಲಿತ ಮೂರು ನಾಲ್ಕು ಐದರ ತ್ರಿಕೋನವೇ.

ಆದರೆ ವೃತ್ತಗಳು ಕೂಡುವುದು ಎರಡು ಕಡೆ, ಗೆರೆಯ ಈಚೆ ಒಂದು, ಆಚೆ ಒಂದು. ಅಳತೆ ಬರೆದುಕೊಂಡವನು ‘ಮನೆ ಕಡೆ’ ಅಥವಾ ‘ರಸ್ತೆ ಕಡೆ’ ಎಂದು ಒಂದು ಮಾತು ಬರೆಯಲು ಮರೆತರೆ ಶವ ಅಂಗಳದಿಂದ ರಸ್ತೆಗೆ ಹೋಗಿಬಿಡುತ್ತದೆ. ಹಾಗೆಯೇ ಸ್ಥಿರ ಬಿಂದುಗಳು ಒಂದಕ್ಕೊಂದು ತೀರಾ ಹತ್ತಿರ ಇರಬಾರದು. ಒಂದೇ ಮೀಟರ್ ಅಂತರದ ಎರಡು ಬಾಗಿಲು ಚೌಕಟ್ಟಿನಿಂದ 10 ಮೀಟರ್ ದೂರದ ವಸ್ತುವನ್ನು ಹಿಡಿಯಲು ಹೋದರೆ, ಟೇಪಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ನಕ್ಷೆಯಲ್ಲಿ ವಸ್ತು ಸುಮಾರು 10 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಮೂರನೆಯ ಬಿಂದುವಿನಿಂದ ಒಂದು ಅಳತೆ ಯಾವಾಗಲೂ ತೆಗೆದುಕೊಳ್ಳಿ. ಮೂರನೆಯ ವೃತ್ತ ಅದೇ ಜಾಗಕ್ಕೆ ಬಂದರೆ ನಿಮ್ಮ ಪುಸ್ತಕ ಸರಿ ಇದೆ. ಬರದಿದ್ದರೆ ಸ್ಥಳ ಬಿಡುವ ಮೊದಲೇ ಗೊತ್ತಾಗುತ್ತದೆ, ಸಾಕ್ಷಿ ಕಟ್ಟೆಯಲ್ಲಿ ಗೊತ್ತಾಗುವುದಕ್ಕಿಂತ ಎಷ್ಟೋ ಮೇಲು.

ಹೆದ್ದಾರಿ ಅಪಘಾತ, ದೊಡ್ಡ ಹೊಲ ಇಂಥ ಕಡೆ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣ ಚೆನ್ನ. ಕೋನ, ದೂರ ಎರಡನ್ನೂ ಒಟ್ಟಿಗೆ ಅಳೆದು ಬಿಂದುಗಳನ್ನು ತನ್ನೊಳಗೇ ಉಳಿಸಿಕೊಳ್ಳುತ್ತದೆ, ಅಲ್ಲಿಂದ ನೇರ ತಂತ್ರಾಂಶಕ್ಕೆ ಇಳಿಸಬಹುದು. ಲೇಸರ್ ಸ್ಕ್ಯಾನರ್ ಇನ್ನೂ ಮುಂದೆ, ಸೆಕೆಂಡಿಗೆ ಲಕ್ಷಗಟ್ಟಲೆ ಬಿಂದು ಹಿಡಿಯುತ್ತದೆ. ಕೈಯಲ್ಲಿ ಹಿಡಿಯುವ ಲೇಸರ್ ಮೀಟರ್ ಮನೆಯೊಳಗೆ ಲೇಸು. ನಮ್ಮ ಏಪ್ರಿಲ್ ಬಿಸಿಲಲ್ಲಿ ಹೊರಗೆ ಅದರ ಕೆಂಪು ಚುಕ್ಕಿ ಕಣ್ಣಿಗೇ ಕಾಣುವುದಿಲ್ಲ. ಬಿಸಿಲು ಅಂದಾಗ ನೆನಪಾಯಿತು: 20 ಡಿಗ್ರಿಯಲ್ಲಿ ಸರಿ ಇರುವ 30 ಮೀಟರಿನ ಉಕ್ಕಿನ ಟೇಪು 45 ಡಿಗ್ರಿಗೆ ಕಾದರೆ ಸುಮಾರು 9 ಮಿಲಿಮೀಟರ್ ಹಿಗ್ಗುತ್ತದೆ. ಯಾವ ಕ್ರಿಮಿನಲ್ ಕೇಸೂ 9 ಮಿಲಿಮೀಟರಿನ ಮೇಲೆ ನಿಲ್ಲುವುದಿಲ್ಲ. ಆದರೆ ತಂತ್ರಾಂಶ ತಾನಾಗಿ ‘3.0000’ ಎಂದು ನಾಲ್ಕು ದಶಮಾಂಶ ತೋರಿಸುತ್ತದಲ್ಲ, ಅದನ್ನು ಹಾಗೇ ಪ್ರಿಂಟ್ ಹಾಕಿದರೆ ‘ಕೂದಲೆಳೆಗಿಂತ ಸಣ್ಣ ಅಳತೆಯನ್ನು ಜೋಲುಬಿದ್ದ ಟೇಪಿನಲ್ಲಿ ಹೇಗೆ ತೆಗೆದಿರಿ’ ಎಂಬ ಪ್ರಶ್ನೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಸೆಂಟಿಮೀಟರಿಗೆ ನಿಲ್ಲಿಸಿ.

ಕಂಬ ನನ್ನದು, ಬೆಳಕು ನನ್ನದಲ್ಲ

ತಂತ್ರಾಂಶಗಳಲ್ಲಿ ಎರಡು ಬಗೆ. ಆಟೋಕ್ಯಾಡ್‌ನಂಥವು ಎಂಜಿನಿಯರುಗಳದ್ದು: ಅಳತೆ ಟೈಪು ಮಾಡಿದರೆ ಗೆರೆ ಅಷ್ಟೇ ಉದ್ದ ಬರುತ್ತದೆ, ಕಲಿಯಲು ತಿಂಗಳು ಬೇಕು. ಸ್ಮಾರ್ಟ್‌ಡ್ರಾ, ವಿಸಿಯೋ ತರಹದವು ಚಿತ್ರಗಳನ್ನು ಎಳೆದು ಜೋಡಿಸುವಂಥವು, ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತವೆ. ಫಾರೋ ಜೋನ್ ಥರದವು ಪೊಲೀಸ್ ಕೆಲಸಕ್ಕೆಂದೇ ತಯಾರಾದವು, ಸ್ಕ್ಯಾನರ್ ಬಿಂದುಗಳನ್ನೂ ನುಂಗುತ್ತವೆ. ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಿದರೆ, ನಿಮ್ಮ ಕೈಗೆ ಒಗ್ಗಿದ್ದು ಎಂದೇ ಹೇಳುತ್ತೇನೆ. ಸಾಕ್ಷಿ ಕಟ್ಟೆಯಲ್ಲಿ ‘ಅದು ಹೇಗೆ ಬಂತೋ ಗೊತ್ತಿಲ್ಲ, ಕಂಪ್ಯೂಟರ್ ಹಾಕಿತು’ ಅನ್ನುವ ಪರಿಸ್ಥಿತಿ ಬರಬಾರದು, ಅಷ್ಟೇ.

ಎಳೆದು ಜೋಡಿಸುವ ಚಿತ್ರಗಳಲ್ಲೇ ಅಪಾಯ ಹೆಚ್ಚು. ಸಿದ್ಧ ಬಾಗಿಲಿಗೆ ಅದರದ್ದೇ ಒಂದು ಅಗಲ ಇರುತ್ತದೆ. ನಮ್ಮ ಹಳ್ಳಿಮನೆಯ ಬಗ್ಗಿ ನುಗ್ಗುವ ಬಾಗಿಲು ಆ ಅಗಲದ್ದಲ್ಲ. ಸಿದ್ಧ ಮನುಷ್ಯಾಕೃತಿ ಕೈ ಚಾಚಿಕೊಂಡು ಅಂಗಾತ ಬಿದ್ದಿರುತ್ತದೆ. ಪಂಚನಾಮೆಯಲ್ಲಿ ಶವ ಮಗ್ಗುಲಾಗಿ ಮಲಗಿತ್ತು ಎಂದಿದ್ದರೆ ಆ ಚಿತ್ರ ಸುಳ್ಳು ಸಾಕ್ಷಿ. ಚಾಕುವಿನ ಚಿತ್ರಕ್ಕೆ ಒಂದು ತುದಿ ಇದೆ, ತುದಿಗೆ ಒಂದು ದಿಕ್ಕಿದೆ, ಆ ದಿಕ್ಕನ್ನು ಯಾರೂ ಅಳೆದಿರುವುದಿಲ್ಲ.

ನನಗೆ ಅತ್ಯಂತ ಪಾಠ ಕಲಿಸಿದ್ದು ಬೀದಿ ದೀಪದ ಚಿತ್ರ. ರಾತ್ರಿ ನಡೆದ ಘಟನೆ, ಕಂಬದ ಬೆಳಕಿನಲ್ಲಿ ಆರೋಪಿಯನ್ನು ಗುರುತಿಸಿದೆ ಎಂದು ಸಾಕ್ಷಿ. ತಂತ್ರಾಂಶದ ಪಟ್ಟಿಯಲ್ಲಿ ‘ದೀಪ’ ಎಂದು ಹುಡುಕಿ ಎಳೆದು ಹಾಕಿದೆ. ಚಿತ್ರದ ಸುತ್ತ ತೆಳು ಹಳದಿ ಪ್ರಭಾವಳಿ ತಾನಾಗಿ ಬಂತು, ನೋಡಲು ಚೆನ್ನಾಗಿಯೇ ಇತ್ತು. ಪ್ರಿಂಟ್ ಕೊಡುವ ಮುಂಚೆ ತಡೆದು ನೋಡಿದೆ. ಕಂಬ ಅಲ್ಲಿದೆ, ಮನೆಯ ಮೂಲೆಯಿಂದ ಇಷ್ಟು ದೂರ, ಇದು ನಾನು ಅಳೆದದ್ದು. ಬಲ್ಬು ಇದೆ, ಇಷ್ಟು ಎತ್ತರದಲ್ಲಿ, ಅದೂ ನನ್ನದೇ. ಅದು ಅವತ್ತು ರಾತ್ರಿ ಉರಿಯುತ್ತಿತ್ತು ಎನ್ನಲು ನಾನು ಯಾರು? ಕರೆಂಟು ಇತ್ತೋ ಇಲ್ಲವೋ ಹೇಳಬೇಕಾದವರು ಬೇರೆ. ಹಳದಿ ಬಣ್ಣ ತೆಗೆದು ಕಂಬಕ್ಕೆ ಒಂದು ಖಾಲಿ ವೃತ್ತ ಇಟ್ಟೆ, ಪಕ್ಕದಲ್ಲಿ ‘7’ ಎಂದು ಸಂಖ್ಯೆ, ಕೆಳಗಿನ ವಿವರದಲ್ಲಿ ‘7: ವಿದ್ಯುತ್ ಕಂಬ, ಬಲ್ಬು ಸಹಿತ’.

ಈ ತೊಡಕಿಗೆ ಪರಿಹಾರವೂ ತಂತ್ರಾಂಶದಲ್ಲೇ ಇದೆ, ಅದರ ಹೆಸರು ಲೇಯರ್. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ; ಬೇಕಾದ್ದನ್ನು ತೋರಿಸಬಹುದು, ಬೇಡದ್ದನ್ನು ಮುಚ್ಚಬಹುದು. ನನ್ನ ಫೈಲಿನಲ್ಲಿ ಮೂರು ಇರುತ್ತವೆ. ಮೊದಲನೆಯದರಲ್ಲಿ ನಾನೇ ಅಳೆದದ್ದು: ಗೋಡೆ, ಕಂಬ, ಗಿಡ, ದಾರಿ, ಒಡೆದ ಪರಸಿ. ಎರಡನೆಯದರಲ್ಲಿ ಪಂಚನಾಮೆಯಲ್ಲಿ ಅಳತೆ ಸಮೇತ ದಾಖಲಾದದ್ದು, ಅಂದರೆ ತನಿಖಾಧಿಕಾರಿ ಮತ್ತು ಪಂಚರು ಕಣ್ಣಾರೆ ಕಂಡ ರಕ್ತದ ಕಲೆ, ಚಪ್ಪಲಿ, ಕೊಡಲಿ. ಇದನ್ನು ಸಾಬೀತು ಮಾಡಬೇಕಾದವರು ಅವರು, ನಾನಲ್ಲ, ಆ ಮಾತನ್ನು ಹಾಳೆಯ ಮೇಲೇ ಬರೆಯುತ್ತೇನೆ. ಮೂರನೆಯದರಲ್ಲಿ ಸಾಕ್ಷಿಗಳು ತೋರಿಸಿದ್ದು: ಇಲ್ಲಿ ನಿಂತಿದ್ದೆ, ಅಲ್ಲಿಂದ ಓಡಿಬಂದ. ಕೋರ್ಟಿಗೆ ಸಲ್ಲಿಸುವ ಮುಖ್ಯ ಹಾಳೆಯಲ್ಲಿ ಮೂರನೆಯದು ಮುಚ್ಚಿರುತ್ತದೆ. ಸಾಕ್ಷಿ ಬಂದು ಬಾಯಿಬಿಟ್ಟು ಹೇಳಿದ ಮೇಲೆ ಅದು ಬೇಕಾದರೆ ತೆರೆಯುತ್ತದೆ. ಕಾಗದದ ಕಾಲದಲ್ಲಿ ಹೀಗೆ ಬೇರ್ಪಡಿಸಿ ಇಡಲು ಬರುತ್ತಿರಲಿಲ್ಲ; ಕಂಪ್ಯೂಟರ್ ನಕ್ಷೆಯ ನಿಜವಾದ ಲಾಭ ನನ್ನ ಮಟ್ಟಿಗೆ ಇದೇ, ಬಣ್ಣವಲ್ಲ.

ತೊಗರಿ ಹೊಲದ ಸಮಸ್ಯೆ

ಮೇಲಿನಿಂದ ನೋಡಿದ ನಕ್ಷೆಯಲ್ಲಿ ಕಾಣದ ಒಂದು ಸಂಗತಿ ಎತ್ತರ. ನಮ್ಮ ಜಿಲ್ಲೆಯಲ್ಲಿ ಇದು ಪುಸ್ತಕದ ಮಾತಲ್ಲ. ಮುಂಗಾರಿಗೆ ಬಿತ್ತಿದ ತೊಗರಿ ನವೆಂಬರ್ ಹೊತ್ತಿಗೆ ಕರಿ ನೆಲದಲ್ಲಿ ಆಳುದ್ದ ನಿಂತಿರುತ್ತದೆ. ಜನವರಿ ಫೆಬ್ರವರಿಗೆ ರಾಶಿ ಮುಗಿದು ಅದೇ ಹೊಲ ಬಟಾಬಯಲು. ಘಟನೆ ನವೆಂಬರಿನಲ್ಲಿ ನಡೆದು ನಕ್ಷೆಗಾರ ಮಾರ್ಚಿನಲ್ಲಿ ಹೋದರೆ, ಬದುವಿನಿಂದ ಬಾವಿ ತನಕ ಅವನ ಕಣ್ಣಿಗೆ ಒಂದು ಅಡ್ಡಿಯೂ ಇಲ್ಲ. ಅವನ ನಕ್ಷೆಯಲ್ಲಿ ಎರಡು ಬಿಂದು, ನಡುವೆ 60 ಮೀಟರ್ ಬಿಳಿ ಕಾಗದ. ಓದಿದ ಯಾರಿಗಾದರೂ ಸಾಕ್ಷಿಗೆ ಎಲ್ಲ ಕಂಡಿರಬೇಕು ಅನ್ನಿಸುತ್ತದೆ.

ಪಕ್ಕದಿಂದ ಸೀಳಿ ನೋಡಿದ ಚಿತ್ರವೊಂದನ್ನು ಅದೇ ಹಾಳೆಯ ಕೆಳಗೆ ಹಾಕಿ ನೋಡಿ. ಬದುವಿನ ಮೇಲೆ ನಿಂತ ಸಾಕ್ಷಿಯ ಕಣ್ಣು ಹೊಲದ ಮಟ್ಟದಿಂದ 2.1 ಮೀಟರ್ ಎತ್ತರದಲ್ಲಿದೆ ಎನ್ನೋಣ. ಬೆಳೆ 1.8 ಮೀಟರ್. ಆಚೆ ತುದಿಯಲ್ಲಿ ಬೆಳೆಯ ಅಂಚಿನಿಂದ ಒಂದು ಮೀಟರ್ ಆಚೆ ನಿಂತವನು 1.6 ಮೀಟರ್ ಎತ್ತರದ ಮನುಷ್ಯ. ಕಣ್ಣಿನಿಂದ ಅವನ ನೆತ್ತಿಗೆ ಗೆರೆ ಎಳೆದರೆ ಅದು ಕೊನೆಯ ಗಿಡದ ಹತ್ತಿರ 1.61 ಮೀಟರಿಗೆ ಇಳಿದಿರುತ್ತದೆ. ಗಿಡ ಅದಕ್ಕಿಂತ ಗೇಣುದ್ದ ಮೇಲಿದೆ. ನೆತ್ತಿಯೂ ಕಾಣುವುದಿಲ್ಲ. ಇದಕ್ಕೆ ಮೂರು ಆಯಾಮದ ಚಿತ್ರವೂ ಬೇಕಿಲ್ಲ, ಒಂದು ಗೆರೆ ಸಾಕು. ಆದರೆ ಬೆಳೆಯ ಎತ್ತರ 1.8 ಎಂದು ಯಾರು ಹೇಳಿದರು? ಮತ್ತೆ ಅದೇ ಪ್ರಶ್ನೆ. ಪಂಚನಾಮೆಯ ದಿನ ಅಳೆದು ಬರೆದಿದ್ದರೆ, ಫೋಟೊದಲ್ಲಿ ಅಳತೆ ಕೋಲು ನಿಲ್ಲಿಸಿದ್ದರೆ ಗೆರೆ ನಿಲ್ಲುತ್ತದೆ. ಇಲ್ಲದಿದ್ದರೆ ಅದೂ ಒಂದು ಅಂದಾಜು.

ಮೂರು ಆಯಾಮದ ಮಾದರಿ, ಅದರೊಳಗೆ ನಡೆದಾಡುವ ಅನಿಮೇಷನ್ ಇವುಗಳ ಬಗ್ಗೆ ನನಗೆ ಅರ್ಧ ಮನಸ್ಸು. ಮೆಟ್ಟಿಲು, ಮಾಳಿಗೆ, ಬೆಳಕಿಂಡಿ ಇರುವ ಮನೆಯನ್ನು ಅರ್ಥ ಮಾಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅನಿಮೇಷನ್‌ನಲ್ಲಿ ಆಕೃತಿಗಳು ಓಡಾಡಲು, ಕೈ ಎತ್ತಲು ಶುರು ಮಾಡಿದ ಕೂಡಲೆ ಒಬ್ಬರ ಕಥೆಯೇ ನಡೆದದ್ದಾಗಿ ಕಣ್ಣಿಗೆ ಕಟ್ಟುತ್ತದೆ, ಕಂಡದ್ದನ್ನು ಮರೆಯುವುದು ಕಷ್ಟ. ಅಮೆರಿಕದ ಫೆಡರಲ್ ಕೋರ್ಟುಗಳ ಸಾಕ್ಷ್ಯ ನಿಯಮಗಳಿಗೆ 2024ರ ಡಿಸೆಂಬರ್ 1ರಿಂದ 107 ಎಂಬ ಹೊಸ ನಿಯಮವೇ ಸೇರಿತು: ಅರ್ಥ ಮಾಡಿಸಲಷ್ಟೇ ತೋರಿಸುವ ಚಿತ್ರ, ಮಾದರಿ ಇತ್ಯಾದಿ ಸಾಕ್ಷ್ಯವಲ್ಲ, ಎಲ್ಲರ ಒಪ್ಪಿಗೆ ಅಥವಾ ತಕ್ಕ ಕಾರಣ ಇಲ್ಲದೆ ಅದನ್ನು ಜ್ಯೂರಿಯ ಕೊಠಡಿಗೆ ಕಳಿಸುವಂತಿಲ್ಲ. ಅವರಿಗೂ ಕಾಡಿದ್ದು ಇದೇ ಭಯ ಇರಬೇಕು.

ಹಾಳೆ, ಫೈಲು, ಅಕ್ಷರ

ಕೋರ್ಟಿಗೆ ಹೋದ ಮೇಲೆ ನಕ್ಷೆಗೆ ಬರುವ ಕಷ್ಟಗಳು ಬಹಳ ಸಣ್ಣವು, ಆದ್ದರಿಂದಲೇ ಯಾರೂ ಯೋಚಿಸುವುದಿಲ್ಲ. ಎ3 ಹಾಳೆಗೆ ಒಂದಕ್ಕೆ ನೂರು ಪ್ರಮಾಣದಲ್ಲಿ ತೆಗೆದ ನಕ್ಷೆಯನ್ನು ಝೆರಾಕ್ಸ್ ಅಂಗಡಿಯವನು ಎ4ಗೆ ಇಳಿಸಿ ಕೊಡುತ್ತಾನೆ. ಹಾಳೆಯ ಮೇಲೆ ‘1:100’ ಎಂದೇ ಇರುತ್ತದೆ, ಆದರೆ ಅದು ಈಗ ಸುಮಾರು 1:141. ವಕೀಲರು ಸ್ಕೇಲು ಇಟ್ಟು ಅಳೆದರೆ 10 ಮೀಟರ್ ಜಾಗ 7 ಮೀಟರ್ ಚಿಲ್ಲರೆ ಆಗಿಬಿಡುತ್ತದೆ. ಸಂಖ್ಯೆಯ ಬದಲು ಮೀಟರ್ ಗುರುತಿನ ಪಟ್ಟಿಯನ್ನೇ ಚಿತ್ರದಲ್ಲಿ ಎಳೆದಿಟ್ಟರೆ ಚಿತ್ರದ ಜೊತೆ ಅದೂ ಕುಗ್ಗುತ್ತದೆ, ಪರದೆಯ ಮೇಲೆ ತೋರಿಸಿದರೂ ಜೊತೆಗೇ ಹಿಗ್ಗುತ್ತದೆ. ಮುಖ್ಯ ದೂರಗಳನ್ನು ಅಂಕಿಯಲ್ಲೂ ಬರೆಯಿರಿ. ಬಣ್ಣದ್ದೂ ಅದೇ ಕಥೆ: ಕಪ್ಪು ಬಿಳುಪು ನಕಲಿನಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದಿ. ಗೆರೆಯ ಬಗೆ, ತುಂಬಿದ ಬಗೆ ಬೇರೆ ಬೇರೆ ಇರಲಿ.

ಕನ್ನಡ ಅಕ್ಷರದ್ದು ಪ್ರತ್ಯೇಕ ಗೋಳು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ‘ಅಡಿಗೆಮನೆ’ ಆ ಫಾಂಟಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಬಳಸಿ, ಫಾಂಟನ್ನು ಒಳಗೇ ಸೇರಿಸಿ ಪಿಡಿಎಫ್ ಮಾಡಿ, ಬೇರೊಂದು ಯಂತ್ರದಲ್ಲಿ ಒಮ್ಮೆ ತೆರೆದು ನೋಡಿ.

ಇನ್ನು ಫೈಲಿನ ಸಾಚಾತನ. ಕಂಪ್ಯೂಟರಿನಿಂದ ಬಂದ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಎಂದರೆ ವಕೀಲರಿಗೆ ಬೇಗ ಹೊಳೆಯುತ್ತದೆ. ಮೂಲ ಸಾಧನವನ್ನೇ ಅದರ ಒಡೆಯ ಕೋರ್ಟಿಗೆ ತಂದು ತೋರಿಸಿದ ಹೊರತು ಅದು ಕಡ್ಡಾಯ ಎಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೊಸ ನಮೂನೆಯಲ್ಲಿ ಎರಡು ಭಾಗ, ಒಂದನ್ನು ದಾಖಲೆ ಸಲ್ಲಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಎಸ್‌ಎಚ್‌ಎ-256 ಕ್ರಮದಲ್ಲಿ ಅದು 64 ಅಕ್ಷರ-ಅಂಕಿಗಳ ಸಾಲು. ನಕ್ಷೆಯಲ್ಲಿ ಒಂದು ಗೆರೆ ಕೂದಲಷ್ಟು ಸರಿಸಿದರೂ ಸಾಲು ಪೂರಾ ಬದಲಾಗುತ್ತದೆ. ಫೈಲನ್ನು ಸುಮ್ಮನೆ ತೆರೆದು ಮತ್ತೆ ಸೇವ್ ಮಾಡಿದರೂ ಬದಲಾಗಬಹುದು, ಯಾಕೆಂದರೆ ತಂತ್ರಾಂಶ ಒಳಗೆ ಹೊಸ ಸಮಯ ಬರೆದುಕೊಳ್ಳುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಒಂದು ಪ್ರತಿಯನ್ನು ಮುಟ್ಟದೆ ತೆಗೆದಿಟ್ಟು ಅದರ ಹ್ಯಾಶ್ ಬರೆದುಕೊಳ್ಳಿ. ಅಳತೆ ಪುಸ್ತಕವನ್ನೂ ಬಿಸಾಡಬೇಡಿ. ಬೆವರಿನ ಕಲೆಯ ಆ ಪುಸ್ತಕಕ್ಕೆ ಕೋರ್ಟಿನಲ್ಲಿ ಪಿಡಿಎಫ್‌ಗಿಂತ ಹೆಚ್ಚಿನ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ.

ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಆಗಬೇಕು ಎಂದು ಹೊಸ ಸಂಹಿತೆಯ 176ನೇ ಕಲಂ ಹೇಳುತ್ತದೆ, ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದೆ. ಪೊಲೀಸರ ಕೈಯಲ್ಲಿ ಸ್ಥಳದ ವಿಡಿಯೊ ದಾಖಲಿಸುವ ಇ-ಸಾಕ್ಷ್ಯ ಆ್ಯಪ್ ಬಂದಿದೆ, ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ವಿಡಿಯೊ ಬಂದ ಮೇಲೆ ನಕ್ಷೆ ಯಾಕೆ ಅನ್ನುವವರಿದ್ದಾರೆ. ಮೊಬೈಲಿನ ಅಗಲ ಮಸೂರ ಸಣ್ಣ ಕೋಣೆಯನ್ನು ದೊಡ್ಡ ಪಡಸಾಲಿಯಂತೆ ತೋರಿಸುತ್ತದೆ, ದೂರ ಎಷ್ಟು ಎಂದು ಹೇಳುವುದಿಲ್ಲ. ಜೊತೆಗೆ ಪ್ರಕರಣ ಇಲ್ಲಿಗೇ ಮುಗಿಯುವುದಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ನಮ್ಮ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹೋಗುವ ಹೊತ್ತಿಗೆ ಮನೆ ಬಿದ್ದಿರಬಹುದು, ಗಿಡ ಕಡಿದಿರಬಹುದು. ಅಲ್ಲಿನ ನ್ಯಾಯಮೂರ್ತಿಗಳಿಗೆ ಆ ಮನೆಯೆಂದರೆ ಫೈಲಿನಲ್ಲಿ ಮಡಚಿಟ್ಟ ಆ ಹಾಳೆಯೇ.

ಕೊನೆಗೆ ಇನ್ನೊಂದು ಪ್ರಕರಣದ ಮಾತು, ಮೊದಲಿನದಾದ ಕೆಲವು ವರ್ಷಗಳ ನಂತರದ್ದು. ಮನೆಯೊಳಗೆ ನಡೆದ ಹಲ್ಲೆ. ಈ ಸಲ ನನ್ನ ಮುಖ್ಯ ಹಾಳೆಯಲ್ಲಿ ಚುಕ್ಕೆ ಇರಲಿಲ್ಲ. ಗೋಡೆ, ಬಾಗಿಲು, ಕಟ್ಟೆ, ಪರಸಿ ಅಷ್ಟೇ. ನನ್ನ ಸಾಕ್ಷ್ಯ ಬೇಗ ಮುಗಿದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಆ ಮನೆಯ ಮುದುಕಿ ಸಾಕ್ಷಿ ಕಟ್ಟೆಗೆ ಬಂದರು. ಸರ್ಕಾರಿ ಅಭಿಯೋಜಕರು ನಕ್ಷೆಯ ಒಂದು ಪ್ರತಿ ಕೊಟ್ಟು ಎಲ್ಲಿ ಎಂದು ತೋರಿಸಲು ಹೇಳಿದರು. ಆಕೆ ಹಾಳೆಯನ್ನು ಹಿಡಿದು ಸ್ವಲ್ಪ ಹೊತ್ತು ನೋಡಿ ತಲೆಕೆಳಗು ತಿರುಗಿಸಿದರು.

“ಬಾಗಲಾ ನನ್ನ ಕಡಿಗಿ ಬರ್ಬೇಕ್ರಿ. ನಾ ಹಂಗೇ ಅಲ್ಲೇನ್ರಿ ಒಳಗ ಹೋಗೋದು?”

ಉತ್ತರ ದಿಕ್ಕು ಮೇಲೆ ಎಂದು ನಾನು ಇಟ್ಟಿದ್ದ ಬಾಣ ಈಗ ನೆಲ ನೋಡುತ್ತಿತ್ತು. ಆಕೆಯ ಬೆರಳು ಬಾಗಿಲಿನಿಂದ ಒಳಗೆ ಬಂತು, ಕಟ್ಟೆ ದಾಟಿತು, ಪಡಸಾಲಿಯಲ್ಲಿ ನಿಧಾನವಾಯಿತು, ನಿಂತಿತು. ಪೆನ್ನು ಕೊಟ್ಟರು. ಅಲ್ಲಿ ಒಂದು ಗುರುತು ಎಳೆದು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದರು.

ಆರೋಪಿ ಪರ ವಕೀಲರು ಎದ್ದರು. “ಅಮ್ಮಾ, ಇಷ್ಟ ದೊಡ್ಡ ಪಡಸಾಲಿಯೊಳಗ ಅಲ್ಲೇ ಅಂತ ಹೆಂಗ ಹೇಳ್ತೀರಿ?”

“ಆ ಪರಸಿ ಒಡದದ ನೋಡ್ರಿ. ನಮ್ಮ ಮದುವ್ಯಾಗೇ ಒಡದದ್ದು. ನನ್ನ ಮಗ ಅದರ ಮ್ಯಾಲೇ ಬಿದ್ದಿದ್ದ.”

ವಕೀಲರು ಹಾಳೆಯನ್ನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ಹೆಬ್ಬೆಟ್ಟಿನ ನೀಲಿ ಶಾಯಿಯ ಪಕ್ಕ, ಆ ಗುರುತಿನ ಅಡಿಯಲ್ಲಿ, ನಾನು ಎಳೆದಿದ್ದ ಬಿರುಕಿನ ತೆಳು ಗೆರೆ ಇತ್ತು.